ವಿಳಂಬವನ್ನು ‘ಕಂಡೋನ್’ ಮಾಡುವುದು ಎಂದರೆ ಏನು?

ಪ್ರಶ್ನೆ: ನಮ್ಮ ಜಮೀನಿನ ವ್ಯಾಜ್ಯದಲ್ಲಿ ಮೇಲ್ಮನವಿ ಸಲ್ಲಿಸುವುದು ತಡವಾಯಿತು. ‘ಡಿಲೇ ಕಂಡೋನ್ ಮಾಡಿಸಬೇಕು’ ಎಂದು ವಕೀಲರು ಬೇರೊಂದು ಅರ್ಜಿಗೂ ಸಹಿ ಹಾಕಿಸಿಕೊಂಡರು. ಆದರೆ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಹಿಂಸೆಯನ್ನು ಕಂಡೋನ್ ಮಾಡುವುದಿಲ್ಲ’ ಎಂಬ ಹೇಳಿಕೆಗಳನ್ನು ಓದುತ್ತೇನೆ. ಅಲ್ಲಿ ‘ಸಮರ್ಥಿಸು’ ಎಂಬ ಅರ್ಥ ಕಾಣುತ್ತದೆ. ಎರಡೂ ಒಂದೇ ಪದವೇ? ರಜೆ ಅರ್ಜಿಯಲ್ಲಿ ಇದನ್ನು ಬಳಸಬಹುದೇ?

ಉತ್ತರ: ಪದ ಒಂದೇ. ನಿಮ್ಮ ವಕೀಲರು ಹೇಳಿದ್ದು ಅದರ ಹಳೆಯ ಅರ್ಥ, ಪತ್ರಿಕೆಯಲ್ಲಿ ನೀವು ಓದಿದ್ದು ಆ ಅರ್ಥವೇ ಮುಂದೆ ಬೆಳೆದ ಬಗೆ.

ಇದರ ಮೂಲ ಲ್ಯಾಟಿನ್ ಭಾಷೆಯ ‘ಕಾಂಡೋನಾರೆ’. ಅದರೊಳಗಿನ ‘ಡೋನಾರೆ’ಗೆ ಕಾಣಿಕೆಯಾಗಿ ಕೊಡು ಎಂಬ ಅರ್ಥವಿದೆ. ಡೋನರ್, ಡೊನೇಷನ್ ಹುಟ್ಟಿದ್ದು ಅಲ್ಲಿಂದಲೇ. ಸಂಸ್ಕೃತದ ‘ದಾನ’ವೂ ಅದರ ದೂರದ ಬಂಧು. ಬರಬೇಕಾದ ಸಾಲವನ್ನು ಬಿಟ್ಟುಕೊಟ್ಟರೂ, ತಪ್ಪಿಗೆ ಕೊಡಬಹುದಾಗಿದ್ದ ಶಿಕ್ಷೆಯನ್ನು ಬಿಟ್ಟುಕೊಟ್ಟರೂ ರೋಮನ್ನರು ಅದನ್ನು ಕಾಂಡೋನಾರೆ ಎಂದೇ ಕರೆಯುತ್ತಿದ್ದರು.

ಇಂಗ್ಲಿಷಿನಲ್ಲಿ ಈ ಕ್ರಿಯಾಪದ ಬಳಕೆಗೆ ಬಂದದ್ದು ದಾಂಪತ್ಯದ ವ್ಯಾಜ್ಯಗಳ ಮೂಲಕ. ಅಂಥ ವ್ಯಾಜ್ಯಗಳನ್ನು ಚರ್ಚಿನ ನ್ಯಾಯಾಲಯಗಳಿಂದ ಬಿಡಿಸಿ ಸಿವಿಲ್ ನ್ಯಾಯಾಲಯಕ್ಕೆ ಒಪ್ಪಿಸಿದ ಇಂಗ್ಲೆಂಡಿನ 1857ರ ಕಾಯ್ದೆ ಈ ಪದಕ್ಕೆ ಚಲಾವಣೆ ಕೊಟ್ಟಿತು. ಸಂಗಾತಿಯ ವ್ಯಭಿಚಾರವನ್ನು ತಿಳಿದೂ ಕ್ಷಮಿಸಿ ಸಂಸಾರ ಮುಂದುವರಿಸಿದವರು ಮತ್ತೆ ಅದನ್ನೇ ಕಾರಣ ಮಾಡಿ ವಿಚ್ಛೇದನ ಕೇಳುವಂತಿರಲಿಲ್ಲ. ನಮ್ಮ 1955ರ ಹಿಂದೂ ವಿವಾಹ ಕಾಯ್ದೆಯ 23ನೇ ಸೆಕ್ಷನ್ನಿನಲ್ಲಿಯೂ ಈ ಪದ ಹಾಗೆಯೇ ಇದೆ, ಅಲ್ಲಿ ಕ್ರೌರ್ಯಕ್ಕೂ ಅದು ಅನ್ವಯಿಸುತ್ತದೆ. 1975ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಎರಡು ಅಂಗಗಳನ್ನು ಗುರುತಿಸಿತು: ತಪ್ಪನ್ನು ಕ್ಷಮಿಸಬೇಕು, ತಪ್ಪು ಮಾಡಿದವರನ್ನು ಮೊದಲಿದ್ದ ಸ್ಥಾನಕ್ಕೆ ಮರಳಿಸಬೇಕು. ಆ ಕ್ಷಮೆಗೂ ಷರತ್ತುಂಟು. ತಪ್ಪು ಮರುಕಳಿಸಿದರೆ ಹಳೆಯದಕ್ಕೂ ಜೀವ ಬರುತ್ತದೆ.

ನಿಮ್ಮ ಮೇಲ್ಮನವಿಗೆ ಬೇಕಾದುದು ಆ ಎರಡನೆಯ ಅಂಗ. ವಿಳಂಬವನ್ನು ಮನ್ನಿಸಿದ ಮೇಲೆ ನ್ಯಾಯಾಲಯ ನಿಮ್ಮನ್ನು ಸಕಾಲದಲ್ಲಿ ಬಂದವರಂತೆಯೇ ಕಾಣಬೇಕಾಗುತ್ತದೆ. ಈ ಅರ್ಜಿಗೆ ಆಧಾರ 1963ರ ಕಾಲಮಿತಿ ಕಾಯ್ದೆಯ 5ನೇ ಸೆಕ್ಷನ್. ವಿಶೇಷವೆಂದರೆ ಆ ಸೆಕ್ಷನ್ನಿನಲ್ಲಿ ‘ಕಂಡೋನ್’ ಎಂಬ ಪದವೇ ಇಲ್ಲ! ‘ಸಾಕಷ್ಟು ಕಾರಣ’ವಿತ್ತೆಂದು ಮನವರಿಕೆ ಮಾಡಿಕೊಟ್ಟರೆ ಅವಧಿ ಮೀರಿದ ಮೇಲೂ ಮೇಲ್ಮನವಿಯನ್ನು ಸ್ವೀಕರಿಸಬಹುದು ಎಂದಷ್ಟೇ ಅದು ಹೇಳುತ್ತದೆ. ಪದವನ್ನು ಜೋಡಿಸಿದ್ದು ವಕೀಲರ ಮತ್ತು ನ್ಯಾಯಾಧೀಶರ ರೂಢಿ. ನಾಲ್ಕು ದಿನ ತಡವಾಗಿದ್ದ ಮೇಲ್ಮನವಿಯೊಂದರ ವಿಚಾರದಲ್ಲಿ 1987ರಲ್ಲಿ ಸುಪ್ರೀಂ ಕೋರ್ಟ್, ದಿನದಿನದ ವಿಳಂಬಕ್ಕೂ ವಿವರಣೆ ಬೇಕೆಂಬ ನಿಯಮವನ್ನು ಅಕ್ಷರಕ್ಕೆ ಜೋತುಬಿದ್ದು ನೋಡಬಾರದೆಂದು ಹೇಳಿದೆ. ಹಾಗೆಂದು ಉದಾಸೀನ ಬೇಡ. ತಡವಾದದ್ದೇಕೆ ಎಂಬುದನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ತಾರೀಖು ಸಮೇತ ನಿಜವಾಗಿ ಬರೆಸಿ. ಸಹಿ ಹಾಕುವ ಮುನ್ನ ಅದನ್ನು ಓದಿಸಿ ಕೇಳುವ ಹಕ್ಕು ನಿಮಗಿದೆ.

ಇನ್ನು ಪತ್ರಿಕೆಯ ಅರ್ಥ. ತಡೆಯಬಲ್ಲವರು, ದಂಡಿಸಬಲ್ಲವರು ತಪ್ಪನ್ನು ಕಂಡೂ ಬಿಟ್ಟುಬಿಟ್ಟರೆ ಅದಕ್ಕೆ ಅವರ ಸಮ್ಮತಿಯಿದೆ ಎಂದೇ ಜನ ತಿಳಿಯುತ್ತಾರೆ. ಕ್ಷಮೆಯಿಂದ ಸಹನೆಗೆ, ಸಹನೆಯಿಂದ ಸಮ್ಮತಿಗೆ ಅರ್ಥ ಜಾರಿದ್ದು ಹೀಗೆ. ಇಂದಿನ ಸಾಮಾನ್ಯ ಇಂಗ್ಲಿಷಿನಲ್ಲಿ ಈ ಪದ ಹೆಚ್ಚಾಗಿ ನಿಷೇಧದ ಜೊತೆಗೇ ಬರುತ್ತದೆ: ಕಂಡೋನ್ ಮಾಡುವುದಿಲ್ಲ, ಮಾಡಲಾಗದು. ಕನ್ನಡದಲ್ಲಿ ಇಲ್ಲಿ ‘ಸಹಿಸುವುದಿಲ್ಲ’ ಎಂದರೆ ಸರಿಹೊಂದುತ್ತದೆ; ‘ಸಮರ್ಥಿಸುವುದಿಲ್ಲ’ ಎಂದರೆ ತೂಕ ತುಸು ಹೆಚ್ಚಾಗುತ್ತದೆ. ನ್ಯಾಯಾಲಯದ ಅರ್ಥಕ್ಕೆ ‘ಮನ್ನಿಸು’ ಬಿಟ್ಟು ಬೇರೆ ಪದ ಹುಡುಕಬೇಕಿಲ್ಲ.

ರಜೆ ಅರ್ಜಿಯಲ್ಲಿ ಬಳಸಿದರೆ ವ್ಯಾಕರಣ ಕೆಡುವುದಿಲ್ಲ. ಆದರೂ ಜ್ವರ ಬಂದು ರಜೆ ಕೇಳುವವರಿಗೆ ಅದು ಬೇಡ ಎನ್ನುತ್ತೇನೆ, ಏಕೆಂದರೆ ಕಂಡೋನ್ ಎಂದೊಡನೆ ತಪ್ಪಾಗಿದೆ ಎಂದು ನೀವೇ ಒಪ್ಪಿಕೊಂಡಂತೆ. ಕಾಯಿಲೆ ಬೀಳುವುದು ತಪ್ಪಲ್ಲ. ಅನುಮತಿಯಿಲ್ಲದೆ ಗೈರುಹಾಜರಾಗಿದ್ದರೆ, ಕಾಲೇಜಿನಲ್ಲಿ ಹಾಜರಾತಿ ಕಡಿಮೆಯಾಗಿದ್ದರೆ ಧಾರಾಳವಾಗಿ ಬರೆಯಿರಿ. ಆಗಲೂ ಕಂಡೋನ್ ಮಾಡುವುದು ಗೈರುಹಾಜರಿಯನ್ನು, ಕೊರತೆಯನ್ನು. ‘ನನ್ನನ್ನು ಕಂಡೋನ್ ಮಾಡಿ’ ಎಂಬ ಪ್ರಯೋಗ ಇಲ್ಲ. ಕಾಗುಣಿತವನ್ನೂ ಒಮ್ಮೆ ನೋಡಿಕೊಳ್ಳಿ: ‘ಕಂಡೋಲ್’ ಎಂದರೆ ಸಂತಾಪ ಸೂಚಿಸು, ‘ಕಂಡೆಮ್’ ಎಂದರೆ ಖಂಡಿಸು.