ಆ ಹನ್ನೊಂದು ಲಕ್ಷ ಯಾರದು?

ಪಿಯುಸಿ ಫಲಿತಾಂಶ ಬಂದ ಮೇಲೆ ಕಲಬುರಗಿಯ ನನ್ನ ಸಲಹಾ ಕೋಣೆಗೆ ಒಂದೇ ಥರದ ಹುಡುಗರು ಬರುತ್ತಾರೆ. ಅಫಜಲಪುರ, ಜೇವರ್ಗಿ, ಆಳಂದ, ಆ ಕಡೆ ಶಹಾಪುರದವರು. ಮಾರ್ಕ್ಸ್ ಚೆನ್ನಾಗಿರುತ್ತವೆ, ಮನೆಯಲ್ಲಿ ದುಡ್ಡಿರುವುದಿಲ್ಲ. ಮಾತು ಮಾತ್ರ ಎಲ್ಲರದೂ ಒಂದೇ, ನಾಲ್ಕು ವರ್ಷದ ಮಟ್ಟಿಗೆ ಸೈನ್ಯ ಸೇರುವ ಅಗ್ನಿವೀರ್ ಕೆಲಸದ್ದು. "ಅಗ್ನಿವೀರ್ ಆಗ್ತೀನ್ರಿ ಮೇಡಂ. ನಾಕ್ ವರ್ಷ ಆದಮ್ಯಾಲ ರೊಕ್ಕ ಬರ್ತದ. ಆ ರೊಕ್ಕದಾಗ ಡಿಗ್ರಿ ಓದ್ತೀನಿ." ಈ ಪ್ರಕರಣ ಬರೆಯಲು ಅದೇ ಕಾರಣ. ಹುಡುಗ ಮತ್ತು ಅವನ ತಂದೆ ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ.

ಹುಡುಗ ಭೀಮಾ ದಂಡೆಯ ಊರಿನವನು. ಕಾಮರ್ಸ್ ಓದಿದವನು. ಅಪ್ಪನಿಗೆ ಸ್ವಲ್ಪ ತೊಗರಿ ಹೊಲ, ಉಳಿದ ದಿನ ಹಮಾಲಿ ಕೆಲಸ. ಅಕ್ಕನ ಮದುವೆಯ ಸಾಲ ಇನ್ನೂ ತೀರಿಲ್ಲ. ತಂಗಿ ಹೈಸ್ಕೂಲಿನಲ್ಲಿದ್ದಾಳೆ. ಬಿ.ಕಾಂ ಮುಗಿಸಿ ಬ್ಯಾಂಕ್ ಪರೀಕ್ಷೆ ಬರೆಯಬೇಕು ಎನ್ನುವುದು ಅವನ ಆಸೆ.

ಲೆಕ್ಕ ಅವನಿಗೆ ಬಾಯಿಪಾಠವಾಗಿತ್ತು. ಲೆಕ್ಕ ಸರಿಯಾಗಿಯೂ ಇತ್ತು. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ ಕೈಗೆ ಬರುವುದು 21,000. ಉಳಿದ ನೂರಕ್ಕೆ 30 ಪಾಲು ನಿಧಿಗೆ ಹೋಗುತ್ತದೆ, ಅಷ್ಟೇ ಮೊತ್ತವನ್ನು ಸರ್ಕಾರವೂ ಹಾಕುತ್ತದೆ. ನಾಲ್ಕು ವರ್ಷದ ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ಸೇವಾ ನಿಧಿ, ಆದಾಯ ತೆರಿಗೆ ಇಲ್ಲ. ನೂರರಲ್ಲಿ ಹೆಚ್ಚೆಂದರೆ 25 ಜನ ಸೇನೆಯಲ್ಲಿ ಮುಂದುವರಿಯುತ್ತಾರೆ. ಉಳಿದವರು ಮನೆಗೆ ಬರುತ್ತಾರೆ, ಪಿಂಚಣಿ ಇರುವುದಿಲ್ಲ.

ಇಂಥ ಹುಡುಗರಿಗೆಲ್ಲ ನಾನು ಮೊದಲು ಕೇಳುವ ಪ್ರಶ್ನೆ ಒಂದಿದೆ. "ತಮ್ಮಾ, ಫೀ ಚಿಂತೆ ಇಲ್ಲ ಅಂತ ತಿಳ್ಕೋ. ಕಾಲೇಜಿನವರೇ ಕರೆದು ಸೀಟು ಕೊಟ್ಟರು ಅಂತಿಟ್ಕೋ. ಆಗಲೂ ಸೈನ್ಯಕ್ಕೆ ಹೋಗ್ತೀಯಾ?" ಬಹಳಷ್ಟು ಹುಡುಗರು ಇಲ್ಲಿ ತಲೆ ತಗ್ಗಿಸುತ್ತಾರೆ. ಅವರಿಗೆ ಬೇಕಾದದ್ದು ಕಾಲೇಜು. ಅದಕ್ಕೆ ಬೇರೆ ದಾರಿಗಳಿವೆ. ಅವು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ., ಬಿ.ಕಾಂ ಓದಲು ಲಕ್ಷಗಟ್ಟಲೆ ದುಡ್ಡು ಬೇಡ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಜಾಲತಾಣ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದರೆ ಅರ್ಹರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಸಿಗುತ್ತದೆ. ಇಲಾಖೆಗಳ ಹಾಸ್ಟೆಲ್‌ಗಳಿವೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ಊಟ, ವಸತಿಗೆ ಹಣ ಬರುತ್ತದೆ. ಫೀ ಕಟ್ಟಲೆಂದೇ ಬಂದೂಕು ಹಿಡಿಯಬೇಕಾದ ಸ್ಥಿತಿ ಇಲ್ಲ. ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ.

ಈ ಹುಡುಗ ತಲೆ ತಗ್ಗಿಸಲಿಲ್ಲ. "ಆಗೂ ಹೋಗ್ತೀನ್ರಿ" ಎಂದ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಅವನು ಇನ್ನೂ ಸಣ್ಣವನು. ಮನೆಯವರೆಲ್ಲ ಊರಿನ ಶಾಲೆಯ ಮಾಳಿಗೆ ಮೇಲಿದ್ದರಂತೆ. ದೋಣಿ ತಂದ ಯೂನಿಫಾರ್ಮಿನ ಹುಡುಗರು ಮೊದಲು ಅಜ್ಜಿಯನ್ನು ಎತ್ತಿ ಕೂರಿಸಿದರಂತೆ. ಪಿಯುಸಿಯಲ್ಲಿ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಸೇರಿದ್ದೂ ಅದೇ ನೆನಪಿನಿಂದ. ಏಳು ದಿನದ ಶಿಬಿರದಲ್ಲಿ ಚರಂಡಿ ತೋಡಿದ್ದನ್ನು ಹೇಳುವಾಗ ಅವನ ಮುಖ ಅರಳಿತು. ಇದು ನಿಜವಾದ ಮನಸ್ಸು ಅಂತ ನನಗೆ ಖಾತ್ರಿಯಾಯಿತು. ಹಾಗಾದರೆ ಇವನನ್ನು ತಡೆಯುವ ಮಾತೇ ಇಲ್ಲ. ಉಳಿದದ್ದು ರೊಕ್ಕದ ಮಾತು. ಅದಕ್ಕೆ ಅಪ್ಪನನ್ನು ಕರೆದುಕೊಂಡು ಬಾ ಎಂದೆ.

ಅಪ್ಪ ಬಂದರು. ಬಾಗಿಲ ಬಳಿಯೇ ಕೂರಲು ಹೋದವರನ್ನು ಕರೆದು ಎದುರಿನ ಕುರ್ಚಿಯಲ್ಲಿ ಕೂರಿಸಿದೆ. "ನಮಗೇನ್ ಗೊತ್ತಾಗ್ತದ್ರಿ ಅಕ್ಕೋರೆ, ಅವ ಹೇಳಿದಂಗ" ಎಂದರು. ಒಂದು ಹಾಳೆ ಕೊಟ್ಟು, ನಾಲ್ಕು ವರ್ಷದ ಮೇಲೆ ಹನ್ನೊಂದು ಲಕ್ಷ ಬಂದರೆ ಏನೇನು ಮಾಡಬೇಕು, ಇಬ್ಬರೂ ಬೇರೆ ಬೇರೆ ಹೇಳಿ ಎಂದೆ. ಅಪ್ಪ ಹೇಳಿದ್ದನ್ನು ನಾನು ಬರೆದುಕೊಂಡೆ. ಮದುವೆ ಸಾಲ. ಬೋರ್‌ವೆಲ್. ಸಣ್ಣ ಮಗಳ ಮದುವೆ. ಮನೆಗೆ ಆರ್‌ಸಿಸಿ. ಒಂದೂ ದುಂದಲ್ಲ, ಒಂದೂ ಅವರ ಸ್ವಂತ ಸುಖಕ್ಕಲ್ಲ. ಪಟ್ಟಿ ಮುಗಿದಾಗ ಹನ್ನೊಂದು ಲಕ್ಷ ದಾಟಿತ್ತು. ಕಾಲೇಜು ಅದರಲ್ಲಿ ಇರಲಿಲ್ಲ.

ಹುಡುಗನ ಹಾಳೆಯಲ್ಲಿ ಏನೂ ಬರೆದಿರಲಿಲ್ಲ.

"ಯಾಕಪ್ಪಾ, ನೀನೇ ಓದಬೇಕು ಅಂದಿದ್ದಲ್ವಾ?" ಎಂದೆ.

"ಆ ರೊಕ್ಕ ಕೈಗೆ ಬಂದ ದಿನ ಅದು ನಂದಿರಂಗಿಲ್ರಿ ಮೇಡಂ" ಎಂದ.

ಅಪ್ಪನಿಗೆ ಚುಚ್ಚಿತು. "ನಾ ಯಾವತ್ತರ ನಿನ್ನ ರೊಕ್ಕ ಕೇಳೀನೇನೋ?" ಎಂದು ಅವನ ಕಡೆ ತಿರುಗಿದರು.

"ನೀ ಕೇಳೂದಿಲ್ಲಪ್ಪಾ. ಕೇಳದೇನೇ ಕೊಡಬೇಕಾಗ್ತದ."

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಬಡವರ ಮನೆಯ ಮಗನ ಮೇಲಿನ ಭಾರ ಇದೇ. ಯಾರೂ ಜುಲುಮೆ ಮಾಡುವುದಿಲ್ಲ. ಸಾಲಗಾರ ಬಾಗಿಲಿಗೆ ಬಂದು ನಿಂತಾಗ, ತಂಗಿಗೆ ವರ ನೋಡುವಾಗ, ಬ್ಯಾಂಕಿನಲ್ಲಿ ಹನ್ನೊಂದು ಲಕ್ಷ ಇಟ್ಟುಕೊಂಡು ನಾನು ಕಾಲೇಜಿಗೆ ಹೋಗುತ್ತೇನೆ ಅನ್ನಲು ಯಾವ ಮಗನಿಗೆ ಬಾಯಿ ಬರುತ್ತದೆ? ಭೂಸೇನೆಯಲ್ಲಿ ಅಗ್ನಿವೀರರ ಮೊದಲ ತಂಡದ ತರಬೇತಿ ಶುರುವಾದದ್ದೇ 2023ರ ಜನವರಿಯಲ್ಲಿ. ಆದರೆ "ಎರಡು ವರ್ಷ ದುಡಿದು ಬಂದು ಓದ್ತೀನಿ" ಎಂದು ಪುಣೆಗೆ, ಹೈದರಾಬಾದಿಗೆ ಹೋದ ಹುಡುಗರನ್ನು ನಾವು ಈ ಭಾಗದಲ್ಲಿ ವರ್ಷಗಳಿಂದ ನೋಡುತ್ತಿದ್ದೇವೆ. ದುಡಿದದ್ದೆಲ್ಲ ಮನೆಗೆ ಬರುತ್ತದೆ, ಓದು ಮುಂದಿನ ವರ್ಷಕ್ಕೆ ಹೋಗುತ್ತದೆ. ಆ ಮುಂದಿನ ವರ್ಷ ಬರುವುದೇ ಇಲ್ಲ.

ಅಮೆರಿಕದ ಒಂದು ವ್ಯವಸ್ಥೆಯನ್ನು ಇಲ್ಲಿ ಹೇಳಲೇಬೇಕು. ಅಲ್ಲಿ 1993ರ ಕಾಯ್ದೆಯಿಂದ ಅಮೆರಿಕಾರ್ಪ್ಸ್ ಎಂಬ ಸ್ವಯಂಸೇವಾ ಕಾರ್ಯಕ್ರಮ ಬಂತು. ಯುವಕರು ಶಾಲೆಗಳಲ್ಲಿ, ಪ್ರವಾಹ, ಬಿರುಗಾಳಿ ಪರಿಹಾರದಲ್ಲಿ, ಕಾಡು ಕಾಯುವುದರಲ್ಲಿ ಕೆಲಸ ಮಾಡುತ್ತಾರೆ. ಖರ್ಚಿಗೆ ಸಣ್ಣ ಭತ್ಯೆ ಇರುತ್ತದೆ. ಅವಧಿ ಮುಗಿಸಿದವರಿಗೆ ಶಿಕ್ಷಣ ಪುರಸ್ಕಾರ ಸಿಗುತ್ತದೆ. ಪೂರ್ಣ ಅವಧಿ ಕೆಲಸ ಮಾಡಿದವರಿಗೆ ಸಿಗುವ ಮೊತ್ತ, ಅಲ್ಲಿನ ಸರ್ಕಾರ ಬಡ ವಿದ್ಯಾರ್ಥಿಗೆ ವರ್ಷಕ್ಕೆ ಕೊಡುವ ಪೆಲ್ ಅನುದಾನದ ಗರಿಷ್ಠ ಮೊತ್ತದಷ್ಟು. ಅದು ಹುಡುಗನ ಕೈಗೆ ಬರುವುದಿಲ್ಲ. ಕಾಲೇಜಿಗೋ, ಶಿಕ್ಷಣ ಸಾಲ ಕೊಟ್ಟವರಿಗೋ ನೇರವಾಗಿ ಹೋಗುತ್ತದೆ. ಸಾಮಾನ್ಯವಾಗಿ ಏಳು ವರ್ಷದೊಳಗೆ ಬಳಸಬೇಕು. ಎರಡನೇ ಮಹಾಯುದ್ಧದ ಸೈನಿಕರಿಗಾಗಿ 1944ರಲ್ಲಿ ಮಾಡಿದ ಕಾನೂನಿನಲ್ಲೂ ಫೀ ಕಾಲೇಜಿಗೇ ಸಂದಾಯವಾಗುತ್ತಿತ್ತು. ಆ ದುಡ್ಡಿನಿಂದ ಮದುವೆ ಮಾಡಲು ಬರುವುದಿಲ್ಲ, ಬೋರ್ ಕೊರೆಸಲು ಬರುವುದಿಲ್ಲ. ಮಗ ಇಲ್ಲ ಅನ್ನಬೇಕಾಗಿಲ್ಲ, ಕಾಯ್ದೆಯೇ ಇಲ್ಲ ಅನ್ನುತ್ತದೆ. ನಮ್ಮ ಸೇವಾ ನಿಧಿಯನ್ನು ಓದಿಗೆಂದು ಕಟ್ಟಿಟ್ಟಿಲ್ಲ. ಅದರ ಒಂದು ಪಾಲನ್ನಾದರೂ, ಬೇಕೆಂದವರಿಗೆ, ಓದಿಗೇ ಮೀಸಲಿಡುವ ಅವಕಾಶ ಇರಬೇಕು ಎಂದು ನಾನು ನಂಬುತ್ತೇನೆ. ಅದು ಬರುವವರೆಗೆ ಆ ಕಟ್ಟು ಮನೆಯಲ್ಲೇ ಹಾಕಬೇಕು.

ಅದಕ್ಕೇ ಈ ಸಲಹೆ ಕೊಟ್ಟೆ. ಮೊದಲನೆಯದಾಗಿ, ಡಿಗ್ರಿಗೆ ಈಗಲೇ ಸೇರು. ಆನ್‌ಲೈನ್ ಪರೀಕ್ಷೆ, ಓಟ, ವೈದ್ಯಕೀಯ ತಪಾಸಣೆ ಎಲ್ಲ ಮುಗಿದು ಕರೆ ಬರುವವರೆಗೆ ಖಾಲಿ ಕೂರಬೇಡ. ಆಯ್ಕೆಯಾಗದಿದ್ದರೆ ವರ್ಷ ಹಾಳಾಗಿರುವುದಿಲ್ಲ. ಆಯ್ಕೆಯಾದರೆ, ಸೇವೆಯಲ್ಲಿದ್ದುಕೊಂಡೇ ಓದು. ಅಗ್ನಿವೀರರಿಗಾಗಿ ದೂರಶಿಕ್ಷಣದ ಇಗ್ನೊ ವಿಶ್ವವಿದ್ಯಾಲಯದ ಪದವಿ ಕೋರ್ಸ್ ಇದೆ, ಪದವಿಗೆ ಬೇಕಾದ ಕ್ರೆಡಿಟ್‌ನಲ್ಲಿ ಅರ್ಧ ಸೇವೆಯ ತರಬೇತಿಯಿಂದಲೇ ಸಿಗುತ್ತದೆ. ಹೀಗೆ ಮಾಡಿದರೆ ಓದು ಆ ಹನ್ನೊಂದು ಲಕ್ಷಕ್ಕೆ ಕಾಯಬೇಕಾಗಿಲ್ಲ. ಇನ್ನು ಆ ಮೊತ್ತದಲ್ಲಿ ಹುಡುಗನ ಪಾಲು ಎಷ್ಟು, ಮನೆಯ ಪಾಲು ಎಷ್ಟು ಅನ್ನುವುದನ್ನು ಅವನು ಹೊರಡುವ ಮೊದಲೇ, ಅವ್ವ, ತಂಗಿ ಇಬ್ಬರ ಎದುರೂ ಮಾತಾಡಿ ಬರೆದಿಡಿ. ಇದಕ್ಕೆ ಕೋರ್ಟಿನ ಬೆಲೆ ಇಲ್ಲ, ಗೊತ್ತು. ಮನೆಯಲ್ಲಿ ಬೆಲೆ ಇರುತ್ತದೆ.

ಅಪ್ಪ ತುಂಬಾ ಹೊತ್ತು ಹಾಳೆ ನೋಡಿದರು. ಓದು ಬರದವರು. "ಇದ್ರಾಗ ಸಾಲಿ ಎಲ್ಲಿ ಬರೀತೀರಿ?" ಎಂದು ಕೇಳಿದರು. ಮೇಲೆ ಜಾಗ ಇದೆ ಎಂದೆ. "ಮ್ಯಾಲೇ ಬರೀರಿ" ಎಂದರು.

ಈ ಸಲಹೆಗೆ ಆಕ್ಷೇಪಗಳೂ ಬಂದಿವೆ. ದೇಶಸೇವೆಗೆ ಹೊರಟ ಹುಡುಗರ ಮನಸ್ಸು ಕೆಡಿಸುತ್ತೀರಿ ಎಂದು ಒಬ್ಬ ಉಪನ್ಯಾಸಕರು ಮುಖಕ್ಕೇ ಹೇಳಿದರು. ಕೆಡಿಸಿಲ್ಲ. ಸೇವೆಯ ಮನಸ್ಸಿದ್ದವನಿಗೆ ಹೋಗು ಅಂದೇ ಹೇಳಿದ್ದೇನೆ. ಮನಸ್ಸಿಲ್ಲದೆ ಫೀಗಾಗಿ ಹೋಗುವವನನ್ನು ತಡೆದರೆ ಅವನಿಗೂ ಒಳ್ಳೆಯದು, ಪಕ್ಕದಲ್ಲಿ ನಿಂತು ಗಡಿ ಕಾಯುವವನಿಗೂ ಒಳ್ಳೆಯದು. ನಡುವೆ ಬಿಟ್ಟು ಬರುವುದು ಸುಲಭವೂ ಅಲ್ಲ. ಸ್ವಂತ ಇಚ್ಛೆಯಿಂದ ಬಿಟ್ಟರೆ ತಾನು ಕಟ್ಟಿದ ಪಾಲು ಮತ್ತು ಬಡ್ಡಿ ಅಷ್ಟೇ ಸಿಗುತ್ತದೆ, ಸರ್ಕಾರದ ಪಾಲು ಸಿಗುವುದಿಲ್ಲ. ಇನ್ನು ಕೆಲವರು, ಅಪ್ಪ-ಮಗನ ನಡುವೆ ರೊಕ್ಕದ ಮಾತು ತರುವುದು ನಮ್ಮ ಸಂಸ್ಕೃತಿಯಲ್ಲ ಎನ್ನುತ್ತಾರೆ. ಮಾತಾಡದೆ ಸುಮ್ನೆ ಇದ್ದುದಕ್ಕೇ ಎಷ್ಟು ಹುಡುಗರ ಓದು ನಿಂತಿದೆ ಎನ್ನುವುದನ್ನು ಅವರು ನಮ್ಮ ಕಡೆ ಬಂದು ನೋಡಬೇಕು.

ಹುಡುಗ ಈಗ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ ಮೊದಲ ವರ್ಷದಲ್ಲಿದ್ದಾನೆ. ಬೆಳಿಗ್ಗೆ ಊರ ಹೊರಗಿನ ರಸ್ತೆಯಲ್ಲಿ 1.6 ಕಿಲೋಮೀಟರ್ ಓಟದ ಅಭ್ಯಾಸ ನಡೆದಿದೆ. ವಿದ್ಯಾರ್ಥಿವೇತನದ ಅರ್ಜಿ ಹಾಕಿಯಾಗಿದೆ. ಮದುವೆ ಸಾಲದ ಬಡ್ಡಿ ಮಾತ್ರ ಬೆಳೆಯುತ್ತಲೇ ಇದೆ. ಕೈಸಾಲವನ್ನು ಸೊಸೈಟಿ ಇಲ್ಲವೇ ಬ್ಯಾಂಕಿನ ಕಡಿಮೆ ಬಡ್ಡಿಯ ಸಾಲಕ್ಕೆ ಬದಲಿಸಲು ಆಗುತ್ತದಾ ನೋಡಬೇಕು. ತೊಗರಿ ರಾಶಿ ಆದ ಮೇಲೆ ಕಾಗದಪತ್ರ ತೆಗೆದುಕೊಂಡು ಬರುತ್ತೇನೆ ಎಂದು ಅಪ್ಪ ಹೇಳಿದ್ದಾರೆ.