ಟಿರ್ಜೆಪಟೈಡ್: ಅಣು ಒಂದೇ, ರಿಸೆಪ್ಟರ್ ಎರಡು

ಸಕ್ಕರೆ ಕಾಯಿಲೆಗೂ ತೂಕ ಇಳಿಸಲೂ ಕೊಡುವ ಟಿರ್ಜೆಪಟೈಡ್ ಎಂಬ ಔಷಧದಲ್ಲಿ ಜಿಐಪಿ, ಜಿಎಲ್‌ಪಿ-1 ಎರಡೂ ಹಾರ್ಮೋನ್ ಬೆರೆಸಿರುತ್ತಾರಾ, ಬರೀ ಜಿಎಲ್‌ಪಿ-1 ಸಾಲದಾ ಎಂದು ಕೇಳಿದ್ದೀರಿ. ಬೆರೆಸಿಲ್ಲ. ಅದು 39 ಅಮೈನೋ ಆಮ್ಲಗಳ ಒಂದೇ ಸರ. ಎರಡೂ ಹಾರ್ಮೋನ್‌ಗಳ ರಿಸೆಪ್ಟರ್‌ಗಳಿಗೆ, ಅಂದರೆ ಕೋಶದ ಮೇಲೆ ಅವು ಬಂದು ಕೂರುವ ಜಾಗಗಳಿಗೆ, ಅದೇ ಸರ ಹೋಗಿ ಕೂರುತ್ತದೆ.

ಗ್ಲೂಕೋಸನ್ನು ಡ್ರಿಪ್‌ನಲ್ಲಿ ಕೊಟ್ಟಾಗಿನದಕ್ಕಿಂತ ಕುಡಿದಾಗ ಇನ್ಸುಲಿನ್ ಜಾಸ್ತಿ ಬರುತ್ತದೆ. ಕರುಳಿನಿಂದ ಹೊರಡುವ ಈ ಎರಡು ಹಾರ್ಮೋನ್‌ಗಳೇ ಅದಕ್ಕೆ ಕಾರಣ. ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಜಿಐಪಿ ಬಂದರೂ ಇನ್ಸುಲಿನ್ ಸರಿಯಾಗಿ ಹೊರಬರುವುದಿಲ್ಲ. ಹಾಗಾಗಿ ಬಹಳ ವರ್ಷ ಎಲ್ಲರ ಗಮನ ಜಿಎಲ್‌ಪಿ-1 ಮೇಲೇ ಇತ್ತು.

ಈ ಸರ ಕಟ್ಟಿರುವ ರೀತಿ ನನಗೆ ತುಂಬಾ ಇಷ್ಟ. ಮೈಯಲ್ಲೇ ಹುಟ್ಟುವ ಜಿಎಲ್‌ಪಿ-1 ರಕ್ತದಲ್ಲಿ ಒಂದೆರಡು ನಿಮಿಷದಲ್ಲೇ ಅರ್ಧಕ್ಕೆ ಇಳಿಯುತ್ತದೆ. ಡಿಪಿಪಿ-4 ಎಂಬ ಕಿಣ್ವ ಅದರ ಮೊದಲ ಎರಡು ಅಮೈನೋ ಆಮ್ಲಗಳನ್ನು ಕತ್ತರಿಸಿ ಹಾಕುತ್ತದೆ. ಟಿರ್ಜೆಪಟೈಡ್‌ನಲ್ಲಿ ಎರಡನೇ ಜಾಗಕ್ಕೆ ಎಐಬಿ ಎಂಬ ಬೇರೆಯೇ ಅಮೈನೋ ಆಮ್ಲ ಹಾಕಿದ್ದಾರೆ, ಅಲ್ಲಿ ಕತ್ತರಿ ಓಡುವುದಿಲ್ಲ. 20ನೇ ಜಾಗದ ಲೈಸೀನ್‌ಗೆ 20 ಕಾರ್ಬನ್‌ಗಳ ಕೊಬ್ಬಿನಾಮ್ಲ ಜೋಡಿಸಿದ್ದಾರೆ. ಅದು ರಕ್ತದ ಆಲ್ಬುಮಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಳ್ಳುವುದರಿಂದ ಅರ್ಧಾಯುಷ್ಯ, ಅಂದರೆ ಅರ್ಧಕ್ಕೆ ಇಳಿಯುವ ಹೊತ್ತು, ಸುಮಾರು 5 ದಿನ. ವಾರಕ್ಕೊಂದು ಇಂಜೆಕ್ಷನ್ ಸಾಕು.

ಎರಡು ಕಡೆಯೂ ಹಿಡಿತ ಒಂದೇ ಥರ ಇಲ್ಲ. ಜಿಐಪಿ ರಿಸೆಪ್ಟರ್‌ಗೆ ಅಸಲಿ ಹಾರ್ಮೋನ್‌ನಷ್ಟೇ ಗಟ್ಟಿಯಾಗಿ ಅಂಟುತ್ತದೆ, ಜಿಎಲ್‌ಪಿ-1 ರಿಸೆಪ್ಟರ್‌ಗೆ ಅಸಲಿಗಿಂತ ಸುಮಾರು 5 ಪಟ್ಟು ಸಡಿಲ. ಆದರೆ ಈ ಎರಡನೇ ಕಡೆ ಅದು ಕೋಶದೊಳಗೆ ಸುದ್ದಿ ಮುಟ್ಟಿಸುವ ಸಿಎಎಂಪಿ ಸಂಕೇತವನ್ನು ಎಬ್ಬಿಸುತ್ತದೆ, ರಿಸೆಪ್ಟರ್ ಅನ್ನು ಒಳಗೆಳೆಯಲು ನೆರವಾಗುವ ಬೀಟಾ-ಅರೆಸ್ಟಿನ್ ಎಂಬ ಪ್ರೋಟೀನ್ ಅನ್ನು ಅಷ್ಟಾಗಿ ಕರೆಯುವುದಿಲ್ಲ. ಹಾಗಾಗಿ ರಿಸೆಪ್ಟರ್ ಕೋಶದೊಳಗೆ ಎಳೆದುಹೋಗದೆ ಮೇಲೇ ಹೆಚ್ಚು ಹೊತ್ತು ಉಳಿಯುತ್ತದೆ.

2022ರಲ್ಲಿ ಬಂದ ಸರ್ಮೌಂಟ್-1 ಪ್ರಯೋಗದಲ್ಲಿ 15 ಮಿಗ್ರಾಂ ತೆಗೆದುಕೊಂಡವರ ತೂಕ 72 ವಾರಗಳಲ್ಲಿ ಸರಾಸರಿ 20.9% ಇಳಿಯಿತು. ಪ್ಲಸೀಬೋ (ಔಷಧವಿಲ್ಲದ ಹುಸಿ ಇಂಜೆಕ್ಷನ್) ಗುಂಪಿನಲ್ಲಿ 3.1%.

ಇದರಲ್ಲಿ ಜಿಐಪಿಯ ಪಾಲೆಷ್ಟು ಎಂಬುದೇ ಈಗಿನ ಜಗಳ. ಇಲಿಗಳ ಮೆದುಳಿನಲ್ಲಿ ಜಿಐಪಿ ರಿಸೆಪ್ಟರ್ ತೆಗೆದರೆ ಜಿಐಪಿಯಿಂದ ತೂಕ ಇಳಿಯುವುದಿಲ್ಲ. ಅಂದರೆ ಅದು ಹಸಿವಿನ ಮೇಲೂ ಕೆಲಸ ಮಾಡುತ್ತದೆ. ಸರಿ, ಆದರೆ ಮಾರಿಡೆಬಾರ್ಟ್ ಕ್ಯಾಫ್ರಾಗ್ಲುಟೈಡ್ ಎಂಬ ಇನ್ನೊಂದು ಔಷಧ ಜಿಎಲ್‌ಪಿ-1 ರಿಸೆಪ್ಟರ್ ಅನ್ನು ಎಚ್ಚರಿಸಿ, ಜಿಐಪಿ ರಿಸೆಪ್ಟರ್ ಅನ್ನು ತಡೆಯುತ್ತದೆ. ಅದರಲ್ಲೂ ತೂಕ ಇಳಿಯುತ್ತದೆ! ಟಿರ್ಜೆಪಟೈಡ್‌ನ ಸತತ ಪ್ರಚೋದನೆಯಿಂದ ಜಿಐಪಿ ರಿಸೆಪ್ಟರ್ ಮಂಕಾಗಿ, ಕೊನೆಗೆ ತಡೆದಂತೆಯೇ ಆಗುತ್ತದೆ ಎಂದು ಕೆಲವರ ವಾದ. ಎರಡೂ ಔಷಧಗಳು ಮೆದುಳಿನ ಬೇರೆ ಬೇರೆ ದಾರಿ ಹಿಡಿಯುತ್ತವೆ ಎಂದು ಇನ್ನು ಕೆಲವರು. ನನಗೆ ಎರಡನೆಯದೇ ಹೆಚ್ಚು ಸರಿ ಅನಿಸುತ್ತದೆ.

ಇಲಿಗಳ ಮೇಲಿನ ಪ್ರಬಂಧ ಓದುವಾಗ ಒಂದನ್ನು ಗಮನಿಸಿ. ಟಿರ್ಜೆಪಟೈಡ್ ಇಲಿಯ ಜಿಐಪಿ ರಿಸೆಪ್ಟರ್ ಮೇಲೆ ಮನುಷ್ಯರಲ್ಲಿರುವಷ್ಟು ಚುರುಕಾಗಿಲ್ಲ. ಮಾಮೂಲಿ ಇಲಿಯಲ್ಲಿ ಜಿಐಪಿಯ ಪಾಲು ಕಾಣಲಿಲ್ಲ ಎಂದ ಮಾತ್ರಕ್ಕೆ ಮನುಷ್ಯರಲ್ಲೂ ಇಲ್ಲ ಎನ್ನಲು ಬರುವುದಿಲ್ಲ.