ಅಪ್ಪನಿಗೆ ಕೊಡುವುದು ಜೀನ್ ತಿದ್ದಿದ ಬ್ಯಾಕ್ಟೀರಿಯಾವೇ?

ಅಪ್ಪನ ಮೂತ್ರಕೋಶದ ಕ್ಯಾನ್ಸರ್ ಗಡ್ಡೆ ತೆಗೆದಾಯ್ತು, ಈಗ ಅದರೊಳಕ್ಕೆ ‘ಬ್ಯಾಕ್ಟೀರಿಯಾ ಬಿಡಿಸಲು’ ಬೀದರಿನಿಂದ ಕಲಬುರಗಿಗೆ ಕರೆದಿದ್ದಾರೆ ಎಂದಿದ್ದೀರಿ. ಅದು ಬಹುತೇಕ ಬಿಸಿಜಿ: ಕ್ಷಯದ ಲಸಿಕೆಯಲ್ಲಿರುವ, ಬಲಗುಂದಿಸಿದ ಜೀವಂತ ಬ್ಯಾಕ್ಟೀರಿಯಾ. ಜೀನ್ ತಿದ್ದಿದ್ದಲ್ಲ.

ಕ್ಯಾನ್ಸರಿಗೆಂದು ಜೀನ್ ತಿದ್ದಿದ ಬ್ಯಾಕ್ಟೀರಿಯಾಗಳು ಇನ್ನೂ ಪ್ರಯೋಗದ ಹಂತದಲ್ಲಿವೆ. ಆಮ್ಲಜನಕ ಕಡಿಮೆ ಇರುವ ಗಡ್ಡೆಯ ಒಡಲಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ, ರೋಗನಿರೋಧಕ ಕಣಗಳ ಕಾಟವೂ ಅಲ್ಲಿ ಕಡಿಮೆ. ಇಲಿಗಳಲ್ಲಿ ಭರ್ಜರಿ ಫಲ ಕೊಟ್ಟ, ಅದರ ಜೀನ್ ತಿದ್ದಿದ ಒಂದು ತಳಿಯನ್ನು ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ರೋಗಿಗಳಿಗೆ ಕೊಟ್ಟ ವರದಿ 2002ರಲ್ಲಿ ಬಂತು. ಯಾರ ಗಡ್ಡೆಯೂ ಕುಗ್ಗಲಿಲ್ಲ. ಅದು ರಕ್ತದಿಂದ ಬೇಗ ಮಾಯವಾಗುತ್ತಿತ್ತು, ವಿಷ ತಗ್ಗಿಸಲು ಜೀನ್ ತೆಗೆದಿದ್ದೇ ಕಾರಣವಿರಬಹುದು. ತೊಡಕೆಲ್ಲ ಅಲ್ಲೇ: ಸೌಮ್ಯವಾದರೆ ಗಡ್ಡೆ ಮುಟ್ಟದು, ಚುರುಕಾದರೆ ರಕ್ತವೇ ನಂಜಾದೀತು.

ಬಿಸಿಜಿ ಸ್ನಾಯುಪದರಕ್ಕೆ ಇಳಿಯದ ಗಡ್ಡೆಗೆ ಮಾತ್ರ. ಶಸ್ತ್ರಚಿಕಿತ್ಸೆಯಾಗಿ ಎರಡು ವಾರವಾದರೂ ಕಳೆದ ಮೇಲೆ, ವಾರಕ್ಕೊಮ್ಮೆಯಂತೆ 6 ಸಲ. ಸುಮಾರು 50 ಎಂಎಲ್ ಸಲೈನ್‌ನಲ್ಲಿ ಕಲಸಿ ಕ್ಯಾಥೆಟರ್‌ನಿಂದ (ಮೂತ್ರದ ದಾರಿಯಲ್ಲಿ ತೂರಿಸುವ ಸಣ್ಣ ಕೊಳವೆ) ಬಿಡುತ್ತಾರೆ, 2 ಗಂಟೆ ಮೂತ್ರ ಮಾಡದೆ ತಡೆದುಕೊಳ್ಳಬೇಕು. ಅದಕ್ಕೆ ಮೊದಲಿನ 4 ಗಂಟೆ ಕುಡಿಯುವ ನೀರು ಮಿತಿಯಲ್ಲಿರಲಿ. ನಮ್ಮ ಕಡೆಯ ಬಿಸಿಲಿಗೆ ಇದು ಕಷ್ಟ, ಬೆಳಗಿನ ಸರದಿಯೇ ಕೇಳಿ. ಮೂತ್ರದಲ್ಲಿ ರಕ್ತ, ಸೋಂಕು ಇದ್ದರೆ, ಕ್ಯಾಥೆಟರ್ ಹಾಕುವಾಗ ಗಾಯವಾದರೆ ಅಂದು ಮುಂದೂಡಲೇಬೇಕು. ಬ್ಯಾಕ್ಟೀರಿಯಾ ನೇರ ರಕ್ತಕ್ಕೆ ಸೇರುವ ದಾರಿ ಅದೇ.

ಮುಗಿದ ಕೂಡಲೇ ಬಸ್ ಹತ್ತಿಸಬೇಡಿ. 6 ಗಂಟೆ ಕಾಲ ಮೂತ್ರಕ್ಕೆ ಕೂತೇ ಹೋಗಬೇಕು, ಪ್ರತಿಸಲ ಮೂತ್ರದಷ್ಟೇ ಪ್ರಮಾಣದ ಬ್ಲೀಚ್ ದ್ರಾವಣವನ್ನು ಶೌಚದ ಗುಂಡಿಗೆ ಸುರಿದು 15 ನಿಮಿಷ ಬಿಟ್ಟು ನೀರು ಹಾಕಬೇಕು. ಒಂದೆರಡು ದಿನ ಉರಿ, ಸಣ್ಣ ಜ್ವರ ಸಹಜ. 38.5 ಡಿಗ್ರಿ ದಾಟಿದರೆ, ಚಳಿ ನಡುಕ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಿರಿ, ಬಿಸಿಜಿ ಹಾಕಿಸಿದ್ದನ್ನು ಮೊದಲೇ ಹೇಳಿ.